ಬಾವಿಯಲ್ಲಿದ್ದ ಮುರುಗೋಡು

ಹೆಂಡತಿಯ ತಮ್ಮ ಎಂದಮಾತ್ರಕ್ಕೆ ನಂಬಿಬಿಡುವ ಆಸಾಮಿಯಲ್ಲ ಸಣ್ಣಬೀರಪ್ಪ. ತರೀಕೆರೆಯಿಂದ ತಿಮ್ಮೇಶ್ ತಂದಿಳಿಸಿದ ಡ್ರಮ್ಮಿನೊಳಗೆ ಇಣುಕಿದ್ದೇ ಹುಬ್ಬು ಗಂಟಿಕ್ಕಿದ. ಒಳಗೆ ಗೇಣುದ್ದದ ಮುರುಗೋಡು ಮೀನಿನ ಮರಿಗಳು ಮೀಸೆ ಆಡಿಸುತ್ತಿದ್ದವು.

ಅಜ್ಜಂಪುರದ ಹತ್ತಿರದ ಊರ ಕೆರೆಯನ್ನು ಮೀನಿಗೆ ಗುತ್ತಿಗೆ ಹಿಡಿದವನು ಅವನು. ಈಚೆಗೆ ಬಲೆಗೆ ಕಾಟ್ಲಾ ಮೀನು ಬೀಳುವುದೇ ಅಪರೂಪ. ನೀರುಕಾಗೆಯಿಂದ ಹಿಡಿದು ಪಕ್ಕದೂರಿನವರವರೆಗೆ ಎಲ್ಲರ ಮೇಲೂ ಅನುಮಾನಪಟ್ಟಾಗಿತ್ತು. ಈ ಸಲವೂ ಕೆರೆ ಕೈಕೊಟ್ಟರೆ ಕೂಲಿಯೇ ಗತಿ.

"ಲೇ ತಿಮ್ಮೇಶ, ಇವು ನಾಡಿನವೇನೋ? ಆಫ್ರಿಕದ್ದು ತಂದು ನನ್ ಕೆರೆ ಹಾಳ್ ಮಾಡಕ್ಕೆ ಹೊಂಟಿದ್ದೀಯಾ?"

"ನಾಡಿನವೇ ಕಣ್ ಭಾವ. ಅಕ್ಕನಾಣೆ."

ಆಣೆ ಕೇಳಿ ಅನುಮಾನ ಇನ್ನಷ್ಟು ಬಲಿಯಿತು. ಆಫ್ರಿಕದ ಮುರುಗೋಡು ಉಳಿದ ಮೀನನ್ನೆಲ್ಲ ನುಂಗಿ ನೀರು ಕುಡಿಯುತ್ತದೆ. ಸರ್ಕಾರ ಅದನ್ನು ನಿಷೇಧಿಸಿರುವುದೂ ಅದಕ್ಕೇ. ನೋಡಲು ಎರಡೂ ಒಂದೇ ಥರ. ತಲೆಯ ಹಿಂದಿನ ಮೂಳೆ ಮುಟ್ಟಿದರೆ ಒಂದಕ್ಕೆ ಒಂದೇ ಮೊನೆ, ಇನ್ನೊಂದಕ್ಕೆ ಮೂರು ಎಂದು ಮೀನುಗಾರಿಕೆ ತರಬೇತಿಯಲ್ಲಿ ಹೇಳಿದ್ದರು. ಯಾವುದಕ್ಕೆ ಎಷ್ಟು ಎಂಬುದನ್ನು ಅವನು ಅಲ್ಲಿಯ ಊಟದ ಜೊತೆಗೇ ಅರಗಿಸಿಕೊಂಡಿದ್ದ.

ಆದರೇನು, ಮನೆಯ ಬಾವಿಯಲ್ಲಿ ಅಸಲಿ ನಾಡಮುರುಗೋಡು ಇತ್ತಲ್ಲ! ನೀರು ಚೊಕ್ಕಟವಾಗಿರಲೆಂದು ಬಾವಿಗೆ ಮೀನು ಬಿಡುವುದು ಅವರ ಮನೆಯ ರೂಢಿ. ಹಿಂದೊಮ್ಮೆ ಕಡೂರು ಸಂತೆಯಿಂದ ತಾನೇ ಆರಿಸಿ ತಂದ ಮರಿ ಅದು.

ಬುಟ್ಟಿ ಇಳಿಸಿ ಅದನ್ನು ಮೇಲೆತ್ತಿದ. ಮೊಳದುದ್ದ ಬೆಳೆದಿತ್ತು. ತಲೆ ಸವರಿದ: ಮೂರು ಮೊನೆ. ಡ್ರಮ್ಮಿನ ಮರಿಯನ್ನು ಸವರಿದ: ಒಂದೇ.

"ಸಿಕ್ಕಾಕ್ಕೊಂಡ್ಯಲ್ಲೋ ಕಳ್ಳ! ದುರ್ಗೀ, ಬಂದು ನೋಡೇ ನಿನ್ ತಮ್ಮನ ಯೋಗ್ಯತೆನ!"

ಅಡುಗೆಮನೆಯಿಂದ ಬಂದ ದುರ್ಗಮ್ಮ ಬುಟ್ಟಿಯೊಳಗಿನ ಮೀನನ್ನೇ ದಿಟ್ಟಿಸಿದಳು. "ಅದಿರ್ಲಿ, ಬಾವೀಲಿ ಇದೊಂದೇನಾ ಇರೋದು? ನಾನು ಬಿಟ್ಟಿದ್ ಸಣ್ಣ ಮೀನೆಲ್ಲ ಎಲ್ಲೋದ್ವು? ಒಂದು ಕಪ್ಪೆನೂ ಇಲ್ವಲ್ರೀ."

"ಮಿಂಚುಳ್ಳಿ ತಿಂತು ಅಂತ ಆವತ್ತೇ ಹೇಳ್ಲಿಲ್ವೇನೇ?"

ತಿಮ್ಮೇಶ್ ಬಾವಿಯ ಮೀನನ್ನು ಅಂಗಾತ ಮಾಡಿದ. ಗದ್ದದ ಕೆಳಗೆ ಎರಡು ಕಪ್ಪು ಪಟ್ಟೆ ಎದ್ದು ಕಾಣುತ್ತಿದ್ದವು.

"ಭಾವ, ಮೂರು ಮೊನೆ ಇರೋದೇ ಆಫ್ರಿಕದ್ದು. ನಾಡಿಂದು ಇಷ್ಟುದ್ದ ಬೆಳೆಯಲ್ಲ."

ದುರ್ಗಮ್ಮ ಮೆಲ್ಲಗೆ ಕೇಳಿದಳು, "ಆವತ್ತು ಸಂತೆಯಿಂದ ಒಂದ್ ಕೊಡ ತುಂಬ ತಂದಿದ್ರಲ್ಲ, ಮಿಕ್ಕಿದ್ದು?"

ಸಣ್ಣಬೀರಪ್ಪ ಬಾವಿಗೆ ಒಂದು ಬಿಟ್ಟು, ಮಿಕ್ಕವನ್ನೆಲ್ಲ ತನ್ನ ಕೈಯಾರೆ ಕೆರೆಗೆ ಸುರಿದಿದ್ದ. ಕೆರೆ ಏರಿಯ ಕಡೆಗೊಮ್ಮೆ ನೋಡಿದ.

ಆಮೇಲೆ ಡ್ರಮ್ಮಿನ ಮುಚ್ಚಳ ಮುಚ್ಚಿದ. "ವಾಪಸ್ ತಗೊಂಡೋಗಪ್ಪಾ ತಿಮ್ಮೇಶ. ಇಲ್ಲಿ ಬಿಟ್ರೆ ಪಾಪ, ಒಂದೂ ಉಳಿಯಲ್ಲ."