ಫ್ಲೆಕ್ಸಿನಲ್ಲಿಟ್ಟ ಕುಂಕುಮ

ಸ್ವರೂಪನ ತಿಥಿಯ ದಿನ ಬೆಳಿಗ್ಗೆ ಶಾಮಿಯಾನದ ಬಾಯಿಗೆ ಫ್ಲೆಕ್ಸ್ ಕಟ್ಟಿದರು. ಕಾಫಿ ಲೋಟ ಹಿಡಿದು ಹೊರಗೆ ಬಂದ ವೀಣ ಅದರಲ್ಲಿ ಗಂಡನ ಹಣೆ ನೋಡಿ ಅಲ್ಲೇ ನಿಂತಳು. ಹುಬ್ಬುಗಳ ನಡುವೆ ರೂಪಾಯಿಯಗಲದ ಕುಂಕುಮ. ಹೆಗಲ ಮೇಲೆ ಕೇಸರಿ ಶಾಲು. ‘ದೈವಭಕ್ತ, ಧರ್ಮನಿಷ್ಠ ಸ್ವರೂಪ್ ಮೇಷ್ಟ್ರಿಗೆ ಭಾವಪೂರ್ಣ ಶ್ರದ್ಧಾಂಜಲಿ.’ ಅದರ ಕೆಳಗೆ, ಸತ್ತವನಿಗಿಂತ ದೊಡ್ಡದಾಗಿ, ಕೈಮುಗಿದು ನಗುವ ಕರಿಯಪ್ಪ, ದೇವಸ್ಥಾನ ಸಮಿತಿಯ ಅಧ್ಯಕ್ಷ.

ಫೋಟೊ ಮಂಡ್ಯದ ನೋಂದಣಿ ಕಚೇರಿಯಲ್ಲಿ ಮದುವೆಯ ದಿನ ತೆಗೆದದ್ದು. ಪಕ್ಕದಲ್ಲಿದ್ದ ಅವಳನ್ನು ಕತ್ತರಿಸಿದ್ದರು. ಸೀರೆಯ ಅಂಚು ಮಾತ್ರ ಸ್ವಲ್ಪ ಉಳಿದಿತ್ತು. ಕುಂಕುಮ, ಶಾಲು ಕಂಪ್ಯೂಟರಿನಲ್ಲಿ ಸೇರಿಸಿದ್ದು.

ಸ್ವರೂಪ ಮಳವಳ್ಳಿಯ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಪರೀಕ್ಷೆಯ ಮುಂಚೆ ಮಕ್ಕಳನ್ನೆಲ್ಲ ಮುತ್ತತ್ತಿಗೆ ಕರೆದೊಯ್ದು ಹಾಲ್ ಟಿಕೆಟ್ಟುಗಳನ್ನು ಆಂಜನೇಯನ ಪಾದಕ್ಕಿಟ್ಟು ತರುವುದೆಂದು ಕರಿಯಪ್ಪ ಬಸ್ಸು ಗೊತ್ತು ಮಾಡಿದಾಗ, ‘ಆ ಒಂದು ದಿನ ಓದ್ಕೊಳ್ಲಿ ಬಿಡಿ’ ಅಂದಿದ್ದ. ಅಷ್ಟೇ ಅಂದದ್ದು. ಆಮೇಲೆ ಊರು ಅವನಿಗೆ ಹೆಸರಿಡುತ್ತ ಹೋಯಿತು. ಮೊದಲು ನಗುನಗುತ್ತ ನಾಸ್ತಿಕ. ಆಮೇಲೆ ಬುದ್ಧಿಜೀವಿ, ಅದೂ ಯಾವುದೋ ಚರ್ಮರೋಗದ ಹೆಸರು ಹೇಳುವ ಹಾಗೆ. ವಾಟ್ಸಾಪಿನಲ್ಲಿ ಗಂಜಿ ಗಿರಾಕಿ. ಕೊನೆಗೊಂದು ಬೆಳಿಗ್ಗೆ ಮನೆಯ ಗೇಟಿನ ಮೇಲೆ ಕೆಂಪು ಬಣ್ಣದಲ್ಲಿ ಧರ್ಮದ್ರೋಹಿ. ಸ್ವರೂಪ ಥಿನ್ನರ್ ತಂದು ಉಜ್ಜಿ ತೆಗೆದ. ಉಳಿದ ಬಾಟಲಿ ಇನ್ನೂ ಬಚ್ಚಲ ಸಂದಿಯಲ್ಲಿತ್ತು.

ಮದ್ದೂರಿನಿಂದ ಬರುತ್ತ ಅವನ ಬೈಕು ಟಿಪ್ಪರಿಗೆ ಸಿಕ್ಕಿದ ದಿನ, ಅದೇ ವಾಟ್ಸಾಪ್ ಗುಂಪಿನಲ್ಲಿ ಯಾರೋ ‘ಹನುಮಪ್ಪ ತೋರಿಸಿಬಿಟ್ಟ’ ಎಂದು ಹಾಕಿದ್ದರು. ಕೆಳಗೆ ಸಾಲಾಗಿ ಮುಗಿದ ಕೈಗಳು.

“ಮಾವ, ಇದನ್ನ ಬಿಚ್ಚಿಸಿ,” ಅಂದಳು ವೀಣ.

ಹೊನ್ನಯ್ಯ ಟವೆಲ್ಲಿನಿಂದ ಮುಖ ಒರೆಸಿಕೊಂಡ. “ಬುಡು ಕಣವ್ವ. ಊರೋರು ಈಗ್ಲಾದ್ರೂ ನಮ್ಮೈದನ್ನ ಒಪ್ಕಂಡವ್ರೆ. ಒಂದು ಬೊಟ್ಟಿಟ್ರೆ ಏನು ಓಯ್ತದೆ?”

ಅತ್ತೆ ದೇವಿರಮ್ಮ ಫ್ಲೆಕ್ಸಿನ ಕೆನ್ನೆ ಸವರುತ್ತಿದ್ದಳು. “ಇರೋವಾಗ ಒಂದಿನ ಇಟ್ಕಳ್ನಿಲ್ಲ. ಈಗ ನೋಡು, ಎಷ್ಟು ಲಕ್ಸಣವಾಗವ್ನೆ.”

ಅಷ್ಟರಲ್ಲಿ ಕರಿಯಪ್ಪನೇ ಬಂದ. “ಮೇಷ್ಟ್ರು ಬಾಯಲ್ಲಿ ಏನಾರ ಅನ್ಲಿ, ಒಳ್ಗೊಳ್ಗೆ ಭಕ್ತ್ರು ಕಣಮ್ಮ.”

“ಗೇಟಿನ ಮೇಲೆ ಬರೆಸಿದ್ದು ನೀವೇ ಅಲ್ವಾ?”

“ಅಯ್ಯ, ಅದು ರಾಜ್ಕೀಯ. ಇದು ಸಾವು. ಎರಡ್ನೂ ಕಲ್ಸ್ಬ್ಯಾಡ,” ಎಂದು, ಮಟನ್ ಬೇಯುತ್ತಿದ್ದ ಕಡೆಗೆ ಮೂಗು ಎತ್ತಿ, “ಎಡೆ ಎಷ್ಟೊತ್ಗಲಾ?” ಎಂದು ಅಡುಗೆಯವನನ್ನು ಕೇಳಿದ.

ವೀಣ ಮತ್ತೆ ಫ್ಲೆಕ್ಸಿನ ಕಡೆ ತಿರುಗಿದಳು. ಊರು ಬೈದಾಗ ಕೂಡ ಅವನು ಹೀಗೆ ಅಳಿಸಿಹೋಗಿರಲಿಲ್ಲ. ಆ ಬೈಗುಳಗಳಲ್ಲಿ ಸ್ವರೂಪ ಎಲ್ಲೋ ಒಂದು ಚೂರು ಇದ್ದ.

ಎಡೆ ಇಟ್ಟ ಮೇಲೆ ಹೆಂಗಸರು ಅವಳನ್ನು ನಡುಮನೆಯ ಚಾಪೆಯ ಮೇಲೆ ಕೂರಿಸಿದರು. ಕೊನೆಯ ಸಲವೆಂದು ತಲೆ ತುಂಬ ಹೂವು, ಕೈ ತುಂಬ ಬಳೆ. ಹಣೆಗೆ ಅಂಥದೇ ರೂಪಾಯಿಯಗಲದ ಕುಂಕುಮ. ಎಲ್ಲ ತೆಗೆಯುವುದಕ್ಕೆಂದೇ ಇಡುವುದು. ದೇವಿರಮ್ಮ ಅಳುತ್ತ ಒದ್ದೆ ಬಟ್ಟೆ ಎತ್ತಿಕೊಂಡಳು.

“ಅತ್ತೆ, ಮೊದ್ಲು ಅವರದು,” ಎಂದಳು ವೀಣ.

ಎದ್ದು ಬಚ್ಚಲಿಗೆ ಹೋದಳು. ಬಾಟಲಿ, ಒಂದು ಚೂರು ಹಳೆ ಬನಿಯನ್ನು. ಬಳೆ ಸದ್ದು ಮಾಡುತ್ತ ಪಂಕ್ತಿಯ ನಡುವೆಯೇ ನಡೆದು, ಫ್ಲೆಕ್ಸಿನ ಮುಂದೆ ಕುರ್ಚಿ ಎಳೆದು ಹತ್ತಿದಳು. ಉಜ್ಜಿದಳು. ಕೆಂಪು ಮೂಗಿನ ಮೇಲೆ ಹರಡಿತು. ಇನ್ನೂ ಉಜ್ಜಿದಳು. ಕುಂಕುಮದ ಜೊತೆ ಹಣೆಯ ಬಣ್ಣವೂ ಬಂತು. ಕೊನೆಗೆ ಬರೀ ಬಿಳಿ ಶೀಟು.

“ಥೂ! ಇವ್ಳೂ ನಾಸ್ತಿಕಳೇ ಕಣ್ಲಾ,” ಎಂದ ಕರಿಯಪ್ಪ, ಚೀಪುತ್ತಿದ್ದ ಮೂಳೆ ಕೆಳಗಿಡದೆ.

ಬಾಗಿಲಲ್ಲಿ ದೇವಿರಮ್ಮನ ಕೈಯ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

ವೀಣ ಕುರ್ಚಿಯ ಮೇಲೆ ನಿಂತೇ ಅದೇ ಬನಿಯನ್ ಚೂರಿನಿಂದ ತನ್ನ ಹಣೆಯನ್ನೂ ಒರೆಸಿಕೊಂಡಳು. ಚುರುಗುಟ್ಟಿ ಉರಿಯಿತು. ಸ್ವರೂಪ ಸತ್ತ ಮೇಲೆ ಅವಳ ಮೈಗೆ ಏನಾದರೂ ತಾಗಿದ್ದು ಗೊತ್ತಾದದ್ದು ಅದೇ ಮೊದಲು.