ಮಸಿ ಯಾರ ನಾಯಿ

ಹೊಲಿಗೆ ಕೆಲಸದ ಅಕ್ಕ ನಾಯಿ ತಂದದ್ದು ತನಗೆ, ಬರೆಸಿದ್ದು ತಮ್ಮನ ಹೆಸರಿಗೆ. ಅವಳ ಬಾಡಿಗೆ ಮನೆಯ ಮಾಲೀಕ ಬೇರೆ ಊರಿನವನು, ಇತ್ತ ತಲೆ ಹಾಕಿಯೂ ಮಲಗುವವನಲ್ಲ. ಆದರೆ ಕರಾರಿನಲ್ಲಿ ಮಾತ್ರ ನಾಯಿ ಕೂಡದು ಎಂದು ಬರೆಸಿಕೊಂಡಿದ್ದ. ಬಸ್ ಓಡಿಸುವ ತಮ್ಮನಿಗೆ ಸ್ವಂತ ಮನೆಯಿತ್ತು. ಹಾಗಾಗಿ ಪರವಾನಗಿ, ಕತ್ತಿನ ಚರ್ಮದಡಿಯ ಚಿಪ್, ಯಾರಿಗಾದರೂ ಕಚ್ಚಿದರೆ ಖರ್ಚು ತುಂಬಿಕೊಡುವ ವಿಮೆ, ಎಲ್ಲವೂ ಅವನ ಹೆಸರಿಗೇ ಆದವು.

ನಾಯಿ ಆ ವಿಳಾಸದಲ್ಲೇ ಇರಬೇಕು, ಇಲ್ಲದಿದ್ದರೆ ವಿಮೆ ನಡೆಯುವುದಿಲ್ಲ ಎಂದು ಅದನ್ನು ಕೊಟ್ಟ ಅನಾಥ ನಾಯಿಗಳ ಆಶ್ರಯದವರು ಬಿಡಿಸಿ ಹೇಳಿದ್ದರು. ಅಕ್ಕ ತಮ್ಮ ಇಬ್ಬರೂ ಗೋಣು ಆಡಿಸಿದರು. ಬಾಲ ಅಲ್ಲಾಡಿಸುವುದು ಯಾರಿಗೋ ಅವರದೇ ನಾಯಿ ಎಂದು ದಾರಿಯಲ್ಲಿ ತಮ್ಮ ನಕ್ಕ. ಇಂಥ ಜಾಣತನ ನಮಗೆಲ್ಲ ಒಂದಲ್ಲ ಒಂದು ಸಲ ಬರುತ್ತದೆ.

ಕಪ್ಪು ನಾಯಿಗೆ ಮಸಿ ಎಂದು ಹೆಸರಿಟ್ಟಳು. ಗಂಡನಿಲ್ಲದೆ ಅವಳೊಬ್ಬಳೇ ಇದ್ದ ಆ ಮನೆಯಲ್ಲಿ ಅದು ಹೊಲಿಗೆ ಯಂತ್ರದ ಪಕ್ಕ ಮಲಗಿ, ಬಟ್ಟೆಯ ಚೂರುಗಳಲ್ಲಿ ಮೂಗು ತೂರಿಸಿ ಗೊರಕೆ ಹೊಡೆಯುತ್ತಿತ್ತು. ಅವಳು ಗಿರಾಕಿಗಳನ್ನು ಬೈಯುವುದೆಲ್ಲ ಅದರ ಮುಂದೆಯೇ. ಅದಿದ್ದುದರಿಂದ ಅವಳಿಗೆ ಮತ್ತೆ ಊಟ ಸೇರುತ್ತಿತ್ತು.

ಮೇಲಿನ ಮನೆಯಲ್ಲಿ ಗಡಿಯಾರ ರಿಪೇರಿ ಮಾಡುವ ವಯಸ್ಸಾದವರೊಬ್ಬರಿದ್ದರು. ಒಂದು ದಿನ ಮೆಟ್ಟಿಲಿಳಿಯುವಾಗ ಕಾಲು ಜಾರಿ ಮಸಿಯ ಬಾಲದ ಮೇಲೇ ಬಿದ್ದರು. ನೋವಿಗೆ ಅದು ಬಾಯಿ ಹಾಕಿತು. ಸಿಕ್ಕಿದ್ದು ಬಲಗೈ ಹೆಬ್ಬೆರಳು, ನರವೇ ತುಂಡಾಯಿತು. ಬೇಗ ಶಸ್ತ್ರಚಿಕಿತ್ಸೆಯಾಗದಿದ್ದರೆ ಆ ಬೆರಳು ಇನ್ನು ತಿರುಪು ಹಿಡಿಯುವುದಿಲ್ಲ ಎಂದರು ಡಾಕ್ಟರು. ಅದಕ್ಕೆ ಬೇಕಾದ ಹಣ ಮೂವರ ಕೈಯಲ್ಲೂ ಇರಲಿಲ್ಲ.

ಆ ಸಂಜೆಯೇ ಮಸಿಯನ್ನು ತಮ್ಮನ ಮನೆಗೆ ಸಾಗಿಸಿದರು. ತಮ್ಮ ನಾಯಿಯೊಂದಿಗೆ ಅಕ್ಕನನ್ನು ನೋಡಲು ಬಂದಿದ್ದಾಗ ಹೀಗಾಯಿತು ಎಂದು ವಿಮೆಯವರಿಗೆ ಹೇಳುವುದೆಂದಾಯಿತು. ಅದರ ಮೇಲೆ ಬಿದ್ದದ್ದು ನಾನೇ ಎನ್ನುತ್ತಲೇ ಗಡಿಯಾರದವರೂ ಒಪ್ಪಿದರು.

ಆದರೆ ತಮ್ಮನ ಮನೆಯಲ್ಲಿ ಈಗ ತೊಟ್ಟಿಲಿತ್ತು. ನಗರಸಭೆಯವರು ಬಂದು ನೋಡಿದರು. ಹೀಗೆ ಕಚ್ಚಿದ ನಾಯಿಯನ್ನು ಕೂಸಿರುವ ಮನೆಯಲ್ಲಿ ಬಿಡುವಂತಿಲ್ಲ, ಕಚ್ಚಿದ್ದನ್ನು ಯಾವ ಆಶ್ರಯವೂ ಸೇರಿಸಿಕೊಳ್ಳುವುದಿಲ್ಲ, ಸೂಜಿ ಚುಚ್ಚಿ ಸಾಯಿಸಬೇಕು ಎಂದರು. ಮಕ್ಕಳಿಲ್ಲದ ಮನೆಯಾಗಿದ್ದರೆ ಬಾಯಿಗೆ ಕುಕ್ಕೆ ಕಟ್ಟಿ ಇಟ್ಟುಕೊಳ್ಳಬಹುದಿತ್ತಂತೆ.

ತಮ್ಮ ಅಕ್ಕನ ಮುಂದೆ ಬಂದು ಕೂತ. ಎದ್ದು ಹೋಗುವವರೆಗೂ ಅವಳ ಮುಖ ನೋಡಲಿಲ್ಲ.

"ಅದು ನಿನ್ನ ಹತ್ರ ಇದ್ದದ್ದು ಅಂತ ನಿಜ ಹೇಳಿದ್ರೆ ಮಸಿ ಉಳಿಯುತ್ತೆ, ಅಕ್ಕಾ, ನಿನ್ನ ಮನೇಲಿ ಮಕ್ಕಳಿಲ್ಲ. ಆದ್ರೆ ವಿಮೆ ಹಣ ಬರಲ್ಲ, ಅವರ ಬೆರಳು ಹೋಗುತ್ತೆ. ನೀನು ಹೇಳಿದ ಹಾಗೆ ಮಾಡ್ತೀನಿ."

ಮೇಲಿನ ಮನೆಯಲ್ಲಿ ಎಡಗೈಯಲ್ಲಿ ಏನೋ ಎತ್ತಲು ಹೋಗಿ ಬೀಳಿಸಿದ ಸದ್ದಾಯಿತು. ಬೆರಳೇ ಅನ್ನ ಹಾಕುವ ಕಸುಬು ಅವಳದೂ ಹೌದು. ವಿಮೆಯವರಿಗೆ ಹೇಳಿದ್ದನ್ನೇ ಹೇಳಿಬಿಡು ಎಂದಳು.

ಪಶುವೈದ್ಯರ ಬಳಿಗೆ ವಿಮೆ ಕಂಪನಿಯವನೂ ಬಂದಿದ್ದ, ಚಿಪ್ ಸರಿಯಾಗಿದೆಯೇ ಎಂದು ಖಾತ್ರಿ ಮಾಡಿಕೊಳ್ಳಲು. ಅವಳು ಬರಬಾರದಿತ್ತು. ಮನಸ್ಸು ತಡೆಯದೆ ಬಂದಿದ್ದಳು. ನಾಯಿಯ ಯಜಮಾನರು ಮಾತ್ರ ಒಳಗೆ ಬರಲಿ ಎಂದು ವೈದ್ಯರು ಕರೆದಾಗ ತಮ್ಮ ಹಗ್ಗ ಹಿಡಿದು ಎದ್ದ. ಮಸಿ ಏಳಲಿಲ್ಲ. ಹಗ್ಗ ಎಳೆದಷ್ಟೂ ಅವಳ ಕಾಲಿಗೇ ಒತ್ತಿಕೊಂಡಿತು.

ವಿಮೆಯವನು ಕಣ್ಣು ಕಿರಿದು ಮಾಡಿದ. "ಏನಮ್ಮ, ನಿಮ್ಮನ್ನ ಬಿಟ್ಟು ಹೋಗ್ತಾನೇ ಇಲ್ವಲ್ಲ. ನಿಮ್ಮ ಹತ್ರಾನೇ ಬೆಳೆದಿದ್ದಾ?"

ತಮ್ಮನ ಮುಖ ಬಿಳಿಚಿತು. ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡಳು.

"ಇಲ್ಲ ಸಾರ್. ನಂಗೆ ನಾಯಿ ಕಂಡ್ರೆ ಆಗಲ್ಲ," ಎಂದಳು. ಅಷ್ಟಕ್ಕೇ ಅವನು ನಂಬಲಿಲ್ಲವೇನೋ ಎನಿಸಿ, ಮೊಣಕಾಲಿನಿಂದ ಮಸಿಯನ್ನು ಆಚೆ ನೂಕಿದಳು.

ಅದು ಒಮ್ಮೆ ಅವಳ ಮುಖ ನೋಡಿತು. ಆ ಮೇಲೆ ಎಳೆಸಿಕೊಳ್ಳದೆ ತಮ್ಮನ ಹಿಂದೆ ಒಳಗೆ ಹೋಯಿತು.

ಬಾಗಿಲು ಮುಚ್ಚಿದರು. ವಿಮೆಯವನು ಪಕ್ಕದಲ್ಲಿ ಕೂತು, ನಾಯಿ ಸಾಕುವುದೆಂದರೆ ಸುಮ್ಮನೆ ತಲೆನೋವು, ನೀವೇ ಜಾಣರು ಎಂದ. ಹೌದು ಎಂದಳು ಅವಳು.