ಅಕ್ಕನ ಕೈ, ಭಾವನ ಮೀನು

ಬೇಕರಿಯಲ್ಲಿ ಕುದಿಯುವ ಸಕ್ಕರೆ ಪಾಕ ಚೆಲ್ಲಿ ಅಕ್ಕನ ಬಲಗೈ ಮೊಣಕೈವರೆಗೆ ಸುಟ್ಟಿತು. ಸುಟ್ಟಾಗಿನ ನೋವಿಗಿಂತ ಪಟ್ಟಿ ಬದಲಿಸುವಾಗಿನ ನೋವೇ ದೊಡ್ಡದು. ಗಾಯಕ್ಕೆ ಅಂಟಿದ ಬಟ್ಟೆಯನ್ನು ದಾದಿ ಎಷ್ಟೇ ಮೆಲ್ಲಗೆ ಬಿಡಿಸಿದರೂ ಅಕ್ಕ ಹಲ್ಲು ಕಚ್ಚಿ ನನ್ನ ಭುಜ ಹಿಂಡುತ್ತಿದ್ದಳು. ಭಾವನಿಗೆ ಅದನ್ನು ನೋಡುವ ಧೈರ್ಯವಿರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದರು.

ಭಾವನದು ಸಾಕುಮೀನಿನ ಅಂಗಡಿ. ಸಿಕ್ಲಿಡ್ ಎಂಬ ಸಿಹಿನೀರಿನ ಮೀನಿನ ಕುಟುಂಬವೆಂದರೆ ಅವರಿಗೆ ಪ್ರಾಣ. ಸಾವಿರಕ್ಕೂ ಮಿಕ್ಕ ಬಗೆಗಳಂತೆ. ಒಂದೇ ಸರೋವರದಲ್ಲಿ ನೂರಾರಂತೆ. ಬಂಡೆಯ ಪಾಚಿ ಕೆರೆದು ಬದುಕುವವು, ಪಕ್ಕದ ಮೀನಿನ ಹುರುಪೆಯನ್ನೇ ಕಿತ್ತು ತಿನ್ನುವ ಕಳ್ಳರು, ಮರಿಗಳನ್ನು ಬಾಯೊಳಗಿಟ್ಟು ಕಾಯುವ ತಾಯಂದಿರು. ಊಟಕ್ಕೆ ಕೂತಾಗಲೆಲ್ಲ ಇದೇ ಪುರಾಣ.

"ನಿಮ್ಮ ಮೀನಿನ ವಂಶಾವಳಿ ಸಾಕು, ಊಟ ಆರ್ತಾ ಇದೆ," ಎಂದು ಅಕ್ಕ ಗದರುತ್ತಿದ್ದಳು.

ಒಂದು ದಿನ ಹೊಸದಾಗಿ ಬಂದ ಡಾಕ್ಟರಮ್ಮ ಗಾಯ ನೋಡಿ, "ಮೀನಿನ ಚರ್ಮ ಹಾಕೋಣ್ವಾ? ಪೂರ್ತಿ ಶುದ್ಧ ಮಾಡಿರೋದು. ಗಾಯ ಮಾಯೋವರೆಗೂ ಅಂಟ್ಕೊಂಡೇ ಇರುತ್ತೆ, ದಿನಾ ಬಿಚ್ಚೋ ಕಾಟ ಇರಲ್ಲ," ಎಂದರು.

ಅಕ್ಕ ಮುಖ ಸಿಂಡರಿಸಿದಳು. "ಮನೇಲಿರೋ ಮೀನು ಸಾಲ್ದು ಅಂತ ಮೈಮೇಲೂನಾ? ಯಾವ ಮೀನಿಂದು?"

"ತಿಲಾಪಿಯ."

ತೆರೆದ ಬಾಗಿಲಾಚೆ ಕೂತಿದ್ದ ಭಾವನ ಕಿವಿಗೆ ಹೆಸರು ಬಿದ್ದದ್ದೇ ತಡ, ಒಳಗೆ ನುಗ್ಗಿದರು. "ಹಾಕಿಸ್ಕೊಳೇ! ಅದೂ ಸಿಕ್ಲಿಡ್ಡೇ, ನಮ್ಮ ಮನೆತನದ್ದು!"

"ಸಂಬಂಧ ಬೆಳೆಸೋಕೆ ಬಂದಿಲ್ಲ ನಾವು, ಸುಮ್ನಿರಿ," ಎಂದಳು ಅಕ್ಕ. ಆದರೂ ಕೈ ಚಾಚಿದಳು.

ಬೂದುಬಣ್ಣದ ಒದ್ದೆ ಚರ್ಮವನ್ನು ಡಾಕ್ಟರಮ್ಮ ಗಾಯದ ಮೇಲೆ ಹಾಸಿ, ಮೇಲೆ ಸಡಿಲವಾಗಿ ಪಟ್ಟಿ ಸುತ್ತಿದರು. ಬಿಗಿದಿದ್ದ ಅಕ್ಕನ ಭುಜ ನಿಧಾನವಾಗಿ ಇಳಿಯಿತು.

"ತಣ್ಣಗಿದೆ ಕಣೇ," ಎಂದಳು ನನಗೆ.

ಭಾವ ಗೋಡೆಯತ್ತ ತಿರುಗಿ ಕಣ್ಣೊರೆಸಿಕೊಂಡರು.

ಮುಂದಿನ ದಿನಗಳಲ್ಲಿ ಚರ್ಮ ಒಣಗಿ ತೊಗಲಿನ ತೋಳುಗವಸಿನಂತಾಯಿತು. ಬೇಕರಿಯವರು ನೋಡಲು ಬಂದು, "ಬೆಕ್ಕು ಕಂಡ್ರೆ ಹುಷಾರಮ್ಮ," ಎಂದು ನಗಿಸಿ ಹೋದರು.

ಕೊನೆಗೆ ಡಾಕ್ಟರಮ್ಮ ಅದನ್ನು ನೆನೆಸಿ ತೆಗೆದಾಗ ಅಕ್ಕ ಕಣ್ಣು ಮುಚ್ಚಿ ಕಾದಳು. ನೋವು ಬರಲೇ ಇಲ್ಲ. ಅಡಿಯಲ್ಲಿ ಎಳೆ ಗುಲಾಬಿ ಬಣ್ಣದ ಹೊಸ ಚರ್ಮ. ಬೆರಳು ಮಡಿಸಿದಳು, ಬಿಡಿಸಿದಳು. ಎಲ್ಲವೂ ಮಾತು ಕೇಳಿದವು.

"ಇನ್ನು ಪಟ್ಟಿ ಬೇಡ. ಬಿಸಿಲಿಗೆ ಮಾತ್ರ ಒಡ್ಡಬೇಡಿ," ಎಂದರು ಡಾಕ್ಟರಮ್ಮ.

ಬಸ್ಸಿನಲ್ಲಿ ಅಕ್ಕ ನನ್ನ ಹೆಗಲಿಗೊರಗಿ ಗೊರಕೆ ಹೊಡೆದಳು. ನಮ್ಮ ನಿಲ್ದಾಣ ಬಂತು. ಭಾವ ನನ್ನತ್ತ ನೋಡಿ ಎಬ್ಬಿಸಬೇಡವೆಂದು ತಲೆಯಾಡಿಸಿದರು. ನಾವು ಮುಂದಕ್ಕೆ ಹೋದೆವು.